ಯೆಜ್ಡಿಗೆ ನೀಲಗಿರಿ ಎಣ್ಣೆ

ಡಿಸೆಂಬರ್ ೩, ಬುಧವಾರ

ಟೀ ಎಲೆ ತೂಗಿ ಕೊಟ್ಟು ಬಂದೆ. ಚಳಿಗೆ ಚಿಗುರೇ ಇಲ್ಲ, ಅರ್ಧ ಚೀಲವೂ ತುಂಬಲಿಲ್ಲ. ಇನ್ನೂ ಗಂಬೂಟು ಬಿಚ್ಚಿರಲಿಲ್ಲ, ಇವರು ಸುದ್ದಿ ಹೇಳಿದರು — ಹಾಲು ಒಡೆಯಿತು ಅನ್ನುವಷ್ಟು ಸಲೀಸಾಗಿ. ಹಿತ್ತಿಲಿನ ಯೆಜ್ಡಿ ಬೈಕನ್ನು ಸುಧಾಕರನ್‌ಗೆ ಕೊಡುವುದಾಗಿ ಮಾತು ಕೊಟ್ಟಾಯಿತಂತೆ.

ಸುಧಾಕರನ್ ಅಂದರೆ ಗೂಡಲೂರಿನಿಂದ ಬಂದು ಊಟಿಯ ಲವ್‌ಡೇಲ್ ರಸ್ತೆಯಲ್ಲಿ ಟೂರಿಸ್ಟುಗಳಿಗೆ ಕಾಫಿ ಅಂಗಡಿ ಇಟ್ಟ ಮಲಯಾಳಿ. ಗಾಡಿಯನ್ನು ಗೇಟಿನ ಮುಂದೆ ನಿಲ್ಲಿಸಿ, ಸೀಟು ಕಿತ್ತು, ಅಲ್ಲಿ ಮಣ್ಣು ತುಂಬಿ ಜೆರೇನಿಯಂ ನೆಡುತ್ತಾನಂತೆ. ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಳ್ಳಲಿಕ್ಕೆ. ಹೂಕುಂಡ ಮಾಡುತ್ತಾನೆ ಅಂತ ನೇರ ಹೇಳಬಾರದೇ.

"ನನ್ನನ್ನ ಒಂದು ಮಾತು ಕೇಳಿದ್ರಾ?" ಅಂದೆ.

"ಎಂಟು ವರ್ಷ ಮಳೆಲಿ ಬಿದ್ದಿರದು. ಅದುಗ ಕೇಳುವದು ಏನ?" ಅಂದರು.

ಮಳೆಯಲ್ಲಿ ಬಿಟ್ಟವರು ಯಾರು? ಒಂದು ದಿನಕ್ಕೆ ಅಂತ ಹೊರಗಿಟ್ಟದ್ದು. ಗೊಬ್ಬರದ ಮೂಟೆ ಬಂದಿತ್ತು, ಶೆಡ್ಡಿನಲ್ಲಿ ಜಾಗ ಬೇಕಿತ್ತು. ಆಮೇಲೆ ಎಲೆ ಸಾಗಿಸಲು ಪಿಕಪ್ ಬಂತು, ಶೆಡ್ಡು ಅದರ ಪಾಲಾಯಿತು. ನಾನೂ ದಿನಾ ನೋಡುತ್ತಲೇ ಇದ್ದೆ, ನಾಳೆ ಒಳಗಿಡೋಣ ಅಂದುಕೊಳ್ಳುತ್ತಲೇ ಇದ್ದೆ.

ಉಪ್ಪಿಟ್ಟು ತಳ ಹಿಡಿಯಿತು. ಹಿಡಿಯಲಿ ಅಂತ ಬಿಟ್ಟೆ.

ಡಿಸೆಂಬರ್ ೪, ಗುರುವಾರ

ಸಿಟ್ಟು ಇಳಿದಿಲ್ಲ. ಬರೆದರೆ ಇಳಿಯಬಹುದು. ಈ ಮನೆಯಲ್ಲಿ ಬೆಟ್ಟದ ಕೆಳಗಿನ ಬೊಕ್ಕಾಪುರದಿಂದ ಬಂದ ನನಗೊಬ್ಬಳಿಗೇ ಕನ್ನಡ ಓದಲು ಬರುವುದು. ಇವರು ಓದಿದ್ದು ತಮಿಳು. ಮಾದಿ ಅತ್ತಿಗೆ — ಇವರ ಅಕ್ಕ, ನಮ್ಮ ಜೊತೆಯಲ್ಲೇ ಇರುವವರು — ಶಾಲೆಯ ಬಾಗಿಲು ಕಂಡವರಲ್ಲ. ಮನೆಯ ಮಾತು ಬಡಗ, ನನ್ನದು ಕೆಳಗಿನ ಕನ್ನಡ, ಇಪ್ಪತ್ತೈದು ವರ್ಷದಲ್ಲಿ ಎಲ್ಲ ಕಲಸುಮೇಲೋಗರ. ಆದರೆ ಇಲ್ಲಿ ಬರೆದು ಬೈದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೊಂದು ಸುಖ.

ಆ ಗಾಡಿಯ ಹಿಂದೆ ಕೂತು ನಾನು ಈ ಬೆಟ್ಟ ಹತ್ತಿದ್ದು. ಮದುವೆ ಮುಗಿಸಿ ಹೊರಡುವಾಗ ವ್ಯಾನಿನಲ್ಲಿ ಇವರ ಕಡೆಯ ನೆಂಟರೇ ತುಂಬಿಕೊಂಡಿದ್ದರು. ಮದುಮಗಳಿಗೇ ಜಾಗವಿಲ್ಲ. ಇವರು ಯಾರನ್ನೂ ಕೇಳದೆ ಗಾಡಿ ತಂದಿದ್ದ ಗೆಳೆಯನ ಕೈಯಿಂದ ತಮ್ಮ ಯೆಜ್ಡಿ ಕೀ ಇಸಿದುಕೊಂಡರು. ಕಲ್ಲಟ್ಟಿ ಘಾಟಿನ ಮೂವತ್ತಾರು ತಿರುವು. ಮೊದಲು ನಾಚಿಕೆ, ಆಮೇಲೆ ಭಯ, ಮೇಲೆ ಬಂದಾಗ ಬರೀ ಚಳಿ. ರೇಷ್ಮೆ ಸೀರೆ ಮೇಲೆ ಇವರ ಸ್ವೆಟರ್. ಆ ದಿನದ ನಗು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ.

ಆಮೇಲೆ ನನಗೂ ಕಲಿಸಿದರು. ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ಪಳಗುವವರೆಗೆ ಕಾಲಿಗೆ ಪೆಟ್ಟು. ಪಳಗಿದ ಮೇಲೆ ನಾನೇ ಎಲೆ ಚೀಲ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಹಟ್ಟಿಯ ಹೆಂಗಸರು ಮೊದಲು ನಕ್ಕರು. ಮಳೆ ಬಂದ ದಿನ ಅವರೇ ಹಿಂದೆ ಹತ್ತಿದರು.

ಅಂಥದ್ದನ್ನು ಇವರು ಕೊಟ್ಟುಬಿಟ್ಟರು. ಕೇಳದೆ.

ಡಿಸೆಂಬರ್ ೫

ಬೆಳಗ್ಗೆ ರಾಜಿ ಮಾತು. ರಾಜಿ ಅಂದರೆ ನಾನು ಮಾತಾಡಿದೆ, ಇವರು ಗೋಡೆ ನೋಡಿದರು.

ಸುಧಾಕರನ್ ಬರುವುದು ಪೊಂಗಲ್ ಗಲಾಟೆ ಮುಗಿದ ಮೇಲೆ, ಜನವರಿ ಕೊನೆಯ ಭಾನುವಾರ. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆದರೆ? ಅಂತ ಕೇಳಿದೆ. ಇವರು ಹೇಳಿದರು — "ಸತ್ತ ಗಾಡಿ ಎಂದು ಮಾತು ಕೊಟ್ಟದು. ಎದ್ದರ ಅದು ಬೇರೆ. ಏಳದಿದ್ದರ ಅವನದು."

ಹಟ್ಟಿಯಲ್ಲಿ ಜಗಳವಾದರೆ ಕೂಟಕ್ಕೆ ಇವರನ್ನೇ ಕರೆಯುತ್ತಾರೆ. ವಿಶ್ವನಾಥ್ ಒಂದು ಮಾತು ಹೇಳಿದರೆ ಮುಗಿಯಿತು, ಹಿಂದೆ ಮುಂದೆ ಇಲ್ಲ. ಇವತ್ತಿನವರೆಗೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆದವರಲ್ಲ. ಹೊರಗಿನವರಿಗೆ ಅದು ದೊಡ್ಡ ಗುಣ. ಮನೆಯಲ್ಲಿರುವವಳಿಗೆ ತಲೆನೋವು.

ನಾನೇ ರಿಪೇರಿ ಮಾಡುತ್ತೇನೆ ಅಂದೆ. ಇವರು ಕೈ ಹಾಕುವ ಹಾಗಿಲ್ಲ, ಮೆಕ್ಯಾನಿಕ್ಕನ್ನು ಮನೆಗೆ ಕರೆಸುವ ಹಾಗಿಲ್ಲ. ರೋಷದಲ್ಲಿ ನಾನೇ ಹಾಕಿದ ಷರತ್ತು. ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತಿದೆ.

ಡಿಸೆಂಬರ್ ೯

ಗಾಡಿ ಹತ್ತಿರ ಹೋಗುವ ಹಾಗೇ ಇಲ್ಲ. ಮಾದಿ ಅತ್ತಿಗೆ ಅದಕ್ಕೆ ಸೀಮೆಬದನೆ ಬಳ್ಳಿ ಹಬ್ಬಿಸಿದ್ದಾರೆ. ಹ್ಯಾಂಡಲ್ಲೇ ಚಪ್ಪರದ ಕಂಬ. ಹೆಡ್‌ಲೈಟಿನ ಪಕ್ಕ ಕಾಯಿ ತೂಗಾಡುತ್ತಿವೆ.

"ಬಳ್ಳಿ ಕಡಿತೀನಿ ಅತ್ತಿಗೆ."

"ಕಡಿ ಸಂಗೀತ. ಮೊದಲು ಎನ್ನ ಕೈಯ ಕಡಿ."

ಕಾಯಿ ಮುಗಿಯುವವರೆಗೆ ಮುಟ್ಟಬಾರದಂತೆ. ಎಂದು ಮುಗಿಯುತ್ತದೆ ಅಂದರೆ, ಮುಗಿದಾಗ ಅಂದರು. ಅಕ್ಕ ತಮ್ಮ ಇಬ್ಬರದೂ ಒಂದೇ ಅಚ್ಚು.

ಡಿಸೆಂಬರ್ ೧೪

ಇವತ್ತೂ ಸೀಮೆಬದನೆ ಪಲ್ಯ.

ಡಿಸೆಂಬರ್ ೧೯, ಶುಕ್ರವಾರ

ಹಿಮ ಬಿತ್ತು. ಬೆಳಗ್ಗೆ ಎದ್ದರೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ಬಿಸಿಲು ಬಂದದ್ದೇ ಬಳ್ಳಿ ಕಪ್ಪಾಗಿ ಸುಟ್ಟು ಜೋತುಬಿತ್ತು. ತಗ್ಗಿನ ಟೀ ಗಿಡಗಳೂ ಅಷ್ಟೇ.

ಅತ್ತಿಗೆ ಹಿತ್ತಿಲಲ್ಲಿ ನಿಂತು ನೋಡುತ್ತಿದ್ದರು. ಅಳಲಿಲ್ಲ. ಒಂದು ಎಲೆ ಹಿಡಿದರು, ಬೆರಳಲ್ಲಿ ಪುಡಿಯಾಯಿತು. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆಗಲಿಲ್ಲ. ಬಿಸಿ ಕಾಫಿ ಮಾಡಿಕೊಟ್ಟೆ. ಕುಡಿದು, "ಇನ್ನು ನಿನ್ನ ಗಾಡಿಯ ಎಳೆದುಕೋ" ಅಂದರು. ಕುಡುಗೋಲು ತಂದು ತಾವೇ ಬಳ್ಳಿ ಬಿಡಿಸಿದರು. ನಾನೊಂದು ತುದಿ, ಅವರೊಂದು ತುದಿ. ಬೇರನ್ನು ಮಾತ್ರ ಬಿಟ್ಟೆವು. ಮಳೆ ಬಂದರೆ ಮತ್ತೆ ಚಿಗುರುತ್ತದಂತೆ.

ಡಿಸೆಂಬರ್ ೨೦

ಹೊರಗೆಳೆದೆವು. ಎಂಥ ಗತಿ ಬಂದಿದೆ ಗಾಡಿಗೆ. ಟೈರು ಎರಡೂ ಬಿರುಕು. ಸೀಟಿನ ಸ್ಪಂಜಿನಲ್ಲಿ ಪಾಚಿ. ಚೈನು ಚೈನಾಗಿಲ್ಲ, ಕಬ್ಬಿಣದ ಕೋಲಾಗಿದೆ. ಒಂದು ಸೈಲೆನ್ಸರ್ ಒಳಗೆ ಇಲಿ ಗೂಡು, ಅದರ ತುಂಬ ಹಸಿರು ಉಲ್ಲನ್ ದಾರ. ನನ್ನದೇ ಸ್ವೆಟರ್. ಕಳೆದುಹೋಯಿತು ಅಂತ ಅತ್ತಿಗೆಯ ಮೇಲೆ ಅನುಮಾನಪಟ್ಟಿದ್ದೆ.

ಕಿಕ್ ಲಿವರ್ ಮೇಲೆ ನಿಂತೆ. ಪೂರ್ತಿ ಭಾರ ಬಿಟ್ಟು ನಿಂತೆ. ನನ್ನ ಭಾರ ಕಡಿಮೆಯೇನಲ್ಲ. ಒಂದು ಚೂರೂ ಅಲುಗಲಿಲ್ಲ. ಎಂಜಿನ್ ಒಳಗೆ ಪಿಸ್ಟನ್ ಕಚ್ಚಿಕೊಂಡಿದೆ.

ಇವರು ಜಗಲಿಯಲ್ಲಿ ಕೂತು ಬಿಸಿಲು ಕಾಯಿಸುತ್ತಾ, ಏನೂ ಕಾಣದವರ ಹಾಗೆ ಬೆಟ್ಟ ನೋಡುತ್ತಿದ್ದರು.

ಡಿಸೆಂಬರ್ ೨೩

ಊಟಿಗೆ ಹೋದಾಗ ಮೆಕ್ಯಾನಿಕ್ ಜಯರಾಮನ್‌ರನ್ನು ಕಂಡು ಬಂದೆ. ಪಿಕಪ್ ಸರ್ವಿಸ್ ಮಾಡುವವರು. ಕೇಳುವುದಕ್ಕೇನು ಷರತ್ತಿಲ್ಲವಲ್ಲ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಾಳ್ಮೆಯಿಂದ ಕಾಯಿರಿ ಅಂದರು. ಎಣ್ಣೆಯ ಹೆಸರೂ ಹೇಳಿದರು, ಬಸ್ಸು ಹತ್ತುವಷ್ಟರಲ್ಲಿ ಮರೆಯಿತು.

ಮನೆಯಲ್ಲಿ ನೀಲಗಿರಿ ಎಣ್ಣೆ ಇತ್ತು. ನೆಗಡಿಗೆ ಅದೇ, ಮಂಡಿ ನೋವಿಗೆ ಅದೇ, ಸೀರೆಗೆ ಗ್ರೀಸ್ ಆದರೆ ಅದೇ. ಬೀಗ ಹಿಡಿದುಕೊಂಡರೂ ಅತ್ತಿಗೆ ಎರಡು ಹನಿ ಬಿಡುವುದು ಅದನ್ನೇ. ಬೀಗಕ್ಕೆ ಆಗುವುದು ಪಿಸ್ಟನ್ನಿಗೆ ಯಾಕಾಗಬಾರದು? ಅರ್ಧ ಬಾಟಲಿ ಸುರಿದೆ.

ಹಿತ್ತಿಲೆಲ್ಲ ನೆಗಡಿ ಹಿಡಿದವರ ಮನೆಯ ವಾಸನೆ.

ಡಿಸೆಂಬರ್ ೨೮, ಭಾನುವಾರ

ಬಿಟ್ಟಿತು!

ದಿನಾ ಸ್ವಲ್ಪ ಸ್ವಲ್ಪ ಬಿಡುತ್ತಿದ್ದೆ. ಇವತ್ತು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ತೂಗಿದೆ, ತೊಟ್ಟಿಲು ತೂಗುವ ಹಾಗೆ. ಒಂದು ಸಲ ಟಕ್ ಅಂತು. ಚಕ್ರ ತಿರುಗಿತು, ಒಳಗಿನಿಂದ ತುಕ್ಕಿನ ನೀರು ಪಿಚಕ್ ಅಂತ ಮುಖಕ್ಕೆ ಹಾರಿತು. ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಅತ್ತಿಗೆ ಓಡಿ ಬಂದು ನನ್ನ ಮುಖ ನೋಡಿ ರಕ್ತ ಅಂದುಕೊಂಡರು.

ಇವರು ಜಗಲಿಯಿಂದ ಇಳಿಯಲಿಲ್ಲ. ಆದರೆ ಕೈಯಲ್ಲಿದ್ದ ಟೀ ಆರಿಹೋಗಿತ್ತು, ಕುಡಿದಿರಲಿಲ್ಲ. ನೋಡಿದೆ ನಾನು.

ನೀಲಗಿರಿ ಎಣ್ಣೆಗೆ ಜೈ.

ಜನವರಿ ೨

ಟ್ಯಾಂಕಿನೊಳಗಿನ ತುಕ್ಕಿಗೆ ಹುಣಸೆಹಣ್ಣಿನ ನೀರು, ಜಲ್ಲಿಕಲ್ಲು ಹಾಕಿ ಕುಲುಕಿದ್ದು. ತೋಳು ಬಿದ್ದುಹೋಗಿದೆ. ಸಾರಿಗೆ ಹುಣಸೆ ಇಲ್ಲ ಅಂತ ಅತ್ತಿಗೆ ಗೊಣಗಿದರು. "ಗಾಡಿಗ ಸಾರು, ಎಂಗಗ ಬರೀ ಅನ್ನ."

ಟ್ಯಾಂಕಿನ ಹೊರಗೆ ನೀಲಗಿರಿ ಎಣ್ಣೆ ಹಾಕಿ ಒರೆಸಿದೆ. ಕೊಳೆ ಹೋಯಿತು. ಕೆಂಪು ಬಣ್ಣವೂ ಬಟ್ಟೆಗೆ ಬಂತು. ಬಣ್ಣ ಮತ್ತೆ ಹೊಡೆಸಬಹುದು. ಪೆಟ್ರೋಲ್ ಪೈಪು ಒಣಗಿ ಕಡ್ಡಿಯಾಗಿತ್ತು, ಅದನ್ನೂ ಎಣ್ಣೆಯಲ್ಲಿ ನೆನೆಹಾಕಿದೆ. ಮೆತ್ತಗೆ, ಹೊಸದರ ಹಾಗೆ ಆಯಿತು. ಎಲ್ಲದಕ್ಕೂ ಒಂದೇ ಮದ್ದು.

ಜನವರಿ ೧೧, ಭಾನುವಾರ

ಬಡಗರ ಹೆತ್ತೆ ಅಮ್ಮನ ಹಬ್ಬ, ನೆಂಟರು, ಪಾತ್ರೆ. ಬರೆಯಲು ಪುರಸೊತ್ತು ಇರಲಿಲ್ಲ. ಹಬ್ಬಕ್ಕೆ ಬಂದವರೆಲ್ಲ ಗಾಡಿ ನೋಡಿ ಒಂದೊಂದು ಬುದ್ಧಿ ಹೇಳಿ, ಊಟ ಮಾಡಿ ಹೋದರು.

ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಚೈನು. ಬಿರುಕು ಬಿಟ್ಟ ಟೈರಿನ ಬದಲು ಜಯರಾಮನ್ ಕೊಟ್ಟ ಹಳೆಯ ಜೋಡಿ, ಪರವಾಗಿಲ್ಲ. ಆದರೆ ಕಿಡಿ ಬರುತ್ತಿಲ್ಲ. ಪ್ಲಗ್ ಹಿಡಿದು ಕೂತಿದ್ದೆ. ಜಗಲಿಯಿಂದ ದನಿ ಬಂತು. ನನಗಲ್ಲ, ಗಾಳಿಗೆ ಹೇಳಿದ ಹಾಗೆ —

"ನಾ ಕೈ ಹಾಕುವದಿಲ್ಲೆ. ಆದರ ಪಾಯಿಂಟು ಉಪ್ಪುಕಾಗದಲ್ಲಿ ಉಜ್ಜದಿದ್ದರ ಯಾರ ಗಾಡಿಲೂ ಕಿಡಿ ಬಾರದು."

"ನಾನು ಯಾರನ್ನೂ ಕೇಳಲಿಲ್ಲ" ಅಂದೆ.

"ನಾ ಯಾರಿಗೂ ಹೇಳಲಿಲ್ಲೆ" ಅಂದರು.

ಉಜ್ಜಿದೆ. ಕಿಡಿ ಬಂತು, ನೀಲಿ. ತಿರುಗಿ ನೋಡಿದರೆ ಜಗಲಿಯಲ್ಲಿ ಯಾರೂ ಇಲ್ಲ. ಒಳಗೆ ಸೀಟಿ ಹೊಡೆಯುವುದು ಕೇಳಿಸಿತು. ಇವರು ಸೀಟಿ ಹೊಡೆದು ಎಷ್ಟು ಕಾಲವಾಗಿತ್ತು.

ಜನವರಿ ೧೮

ಪ್ಲಗ್ಗಿನ ತೂತಿಗೆ ಒಂದು ಚಮಚ ಪೆಟ್ರೋಲ್ ಬಿಟ್ಟು ಕಿಕ್ ಹೊಡೆದೆ. ದಢ್! ಒಂದೇ ಸಲ. ಕೋಳಿಗಳು ಹಾರಿದವು, ಪಕ್ಕದ ಮನೆಯ ಹಾಲಣ್ಣ ಚಪ್ಪಲಿ ಇಲ್ಲದೆ ಓಡಿ ಬಂದರು. ಜೀವ ಇದೆ. ಇನ್ನು ಕಾರ್ಬುರೇಟರ್ ತೊಳೆದು, ಪೈಪು ಜೋಡಿಸಿ, ಟ್ಯಾಂಕಿನಿಂದ ಪೆಟ್ರೋಲ್ ಬಿಟ್ಟರೆ ಆಯಿತು.

ಈ ವಾರ ನಿದ್ದೆ ಚೆನ್ನಾಗಿ ಬರುತ್ತಿದೆ.

ಜನವರಿ ೨೪, ಶನಿವಾರ

ಎಲ್ಲ ಜೋಡಿಸಿಯಾಗಿದೆ. ಸ್ಟಾರ್ಟ್ ಆಗುತ್ತಿಲ್ಲ.

ಮೊನ್ನೆಯಿಂದ ಒದೆಯುತ್ತಿದ್ದೇನೆ. ಕಿಡಿ ಇದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಪೈಪು ಜೋಡಿಸಿದ ದಿನ ಕೆಳಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಇನ್ನೇನು ಬೇಕು ಇದಕ್ಕೆ? ಪಾದ ಊದಿದೆ. ಅತ್ತಿಗೆ ನೀಲಗಿರಿ ಎಣ್ಣೆ ತಿಕ್ಕಿದರು.

ನಾಳೆ ಬರುತ್ತಾನೆ.

ಜನವರಿ ೨೫, ಭಾನುವಾರ, ಬೆಳಗ್ಗೆ ಏಳು

ಆಗಲಿಲ್ಲ. ಇನ್ನೊಂದು ಸಲ ನೋಡುತ್ತೇನೆ.

ಅದೇ ದಿನ, ಮಧ್ಯಾಹ್ನ

ಈಗಲೇ ಬರೆಯಬೇಕು.

ಸುಧಾಕರನ್ ತನ್ನ ಪಿಕಪ್ ತಂದ. ಹಲಗೆ, ಹಗ್ಗ ಎಲ್ಲ ತಂದಿದ್ದ. ನಾನು ಆಗಲೂ ಒದೆಯುತ್ತಿದ್ದೆ. ಅವನು ಪಾಪ, ತಲೆ ತಗ್ಗಿಸಿ ನಿಂತ. ಹಾಲಣ್ಣ ಬೇಲಿಯ ಹತ್ತಿರ ಬಂದಿದ್ದರು. ಕೊನೆಗೆ ನಿಲ್ಲಿಸಿದೆ. ಷರತ್ತು ಷರತ್ತೇ. ಪಕ್ಕಕ್ಕೆ ಸರಿದೆ. ಕಣ್ಣು ತುಂಬಿತ್ತು. ಎಣ್ಣೆಯ ಘಾಟು ಅಂತ ಸೆರಗಿನಲ್ಲಿ ಒರೆಸಿಕೊಂಡೆ. ಸುಧಾಕರನ್ ಹಲಗೆ ಇಳಿಸಿದ.

ಆಗ ಇವರು ಜಗಲಿಯಿಂದ ಇಳಿದು ಬಂದರು. ಉಲ್ಲನ್ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಸುಧಾಕರನ್ ಮುಂದೆ ನಿಂತು ತಲೆ ಬಗ್ಗಿಸಿದರು.

ಇಲ್ಲಿ ಕಿರಿಯರು ಹಿರಿಯರಿಗೆ ಹಾಗೆ ಬಗ್ಗುವುದು, ಹಿರಿಯರು ತಲೆ ಮೇಲೆ ಕೈ ಇಡುವುದು. ತಪ್ಪು ಮಾಡಿದವನು ಬಗ್ಗುವುದೂ ಹಾಗೆಯೇ. ಎದುರಿನವನು ಕೈ ಇಟ್ಟರೆ ಕ್ಷಮಿಸಿದ ಹಾಗೆ. ಸುಧಾಕರನ್‌ಗೆ ಇದೆಲ್ಲ ಎಲ್ಲಿ ಗೊತ್ತು? ನೆಲದ ಮೇಲೆ ಏನೋ ಬಿದ್ದಿದೆ ಅಂದುಕೊಂಡು ಅವನೂ ಬಗ್ಗಿ ಹುಡುಕಿದ. ಇಬ್ಬರ ತಲೆಯೂ ತಾಗುವುದರಲ್ಲಿತ್ತು.

"ಏನು ಬಿತ್ತು ವಿಶ್ವನಾಥೇಟ್ಟಾ?"

"ಕೈ ಮಡಗಪ್ಪ ಅವನ ತಲೆ ಮೇಲೆ" ಅಂದರು ಮಾದಿ ಅತ್ತಿಗೆ, ಮೆಲ್ಲಗೆ. "ತಪ್ಪಾತು ಎಂದು ಕೇಳುತ್ತಾನೆ."

ಅವನಿಗಿಂತ ಇವರು ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಅವನು ಹೆದರಿ ಹೆದರಿ ಕೈ ಇಟ್ಟ, ಜ್ವರ ನೋಡುವವರ ಹಾಗೆ. ಇವರು ತಲೆ ಎತ್ತದೆಯೇ ಹೇಳಿದರು —

"ಎನ್ನದಲ್ಲದ್ದ ಕೊಡುತ್ತೇನೆ ಎಂದುಬಿಟ್ಟೆ. ಗಾಡಿ ಸಂಗೀತದು. ಅವಳ ಕೇಳಲಿಲ್ಲೆ ನಾ. ಮಾತು ಹಿಂದ ತಗೊತ್ತೇನೆ. ತಪ್ಪು ಎನ್ನದು."

ಹಾಲಣ್ಣ ಬಾಯಿ ತೆರೆದುಕೊಂಡು ನಿಂತಿದ್ದರು. ಸಂಜೆಯೊಳಗೆ ಹಟ್ಟಿಗೆಲ್ಲ ಸುದ್ದಿ. ಮುಂದಿನ ಕೂಟದಲ್ಲಿ ಯಾರಾದರೂ ಇದನ್ನು ಎತ್ತಿ ಆಡುತ್ತಾರೆ. ಅದು ಇವರಿಗೂ ಗೊತ್ತು. ಗೊತ್ತಿದ್ದೇ ಹೇಳಿದರು, ಬೇಲಿಯಾಚೆಗೂ ಕೇಳುವಷ್ಟು ಜೋರಾಗಿ.

ಸುಧಾಕರನ್ ನನ್ನ ಕಡೆ ತಿರುಗಿದ. "ಚೇಚೀ, ಹಾಗಾದರೆ ನಿಮ್ಮನ್ನೇ ಕೇಳ್ತೀನಿ. ಕೊಡ್ತೀರಾ?"

"ಇಲ್ಲಪ್ಪ" ಅಂದೆ.

"ಆಯಿತು ಚೇಚೀ, ಅದಕ್ಕೇನಂತೆ" ಅಂತ ನಕ್ಕ. ಒಳ್ಳೆಯವನು. ಇಷ್ಟು ದಿನ ಅವನನ್ನು ಸುಮ್ಮನೆ ಬೈದೆ.

ಬರಿಗೈಯಲ್ಲಿ ಕಳಿಸುವುದು ಹೇಗೆ? ಅತ್ತಿಗೆ ಬಚ್ಚಲ ಹಿಂದಿನ ತೂತು ಹಂಡೆ ತೋರಿಸಿ, ಹೂವಿಗೆ ಇದೇ ಚಂದ ಅಂದರು. ತಾಮ್ರದ್ದು. ಅವನ ಮುಖ ಅರಳಿತು. ಎತ್ತಿ ಕೊಡಲು ಹೋದ ಇವರು ನಡುವಿನಲ್ಲೇ ನಿಂತು ನನ್ನ ಕಡೆ ನೋಡಿದರು.

"ಕೊಡಲೆ?"

ತಲೆ ಆಡಿಸಿದೆ.

ಜನವರಿ ೨೮

ಷರತ್ತು ಮುಗಿಯಿತಲ್ಲ, ಜಯರಾಮನ್‌ರನ್ನು ಕರೆಸಿದೆವು. ಬಂದವರು ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ಪೆಟ್ರೋಲ್ ಪೈಪು ಕಿತ್ತು ಊದಿದರು. ಗಾಳಿ ಹೋಗಲಿಲ್ಲ. ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆಲ್ಲ ಊದಿ, ಗಂಟಲು ಕಟ್ಟಿದ ಹಾಗೆ ಮುಚ್ಚಿಕೊಂಡಿತ್ತು.

"ಇದಕ್ಕೆ ಏನು ಹಾಕಿದ್ರಿ ಅಕ್ಕ?"

ಹೇಳಿದೆ.

"ಪಿಸ್ಟನ್ನಿಗೆ ಸರಿ. ರಬ್ಬರಿಗೆ ಹಾಕಿದ್ರೆ ಉಬ್ಬುತ್ತೆ. ಊಟಿಯಲ್ಲಿ ಇದೇ ಕಥೆ ಅಕ್ಕ, ಎಲ್ಲರ ಮನೆಯಲ್ಲೂ ಒಂದು ಬಾಟಲಿ, ಎಲ್ಲದಕ್ಕೂ ಅದೇ" ಅಂತ ಕೂತು ನಕ್ಕರು. ಇವರು ನಗಲಿಲ್ಲ. ನಗು ತಡೆಯಲಿಕ್ಕೆ ಕೊಟ್ಟಿಗೆಗೆ ಹೋದರು, ಅಲ್ಲಿಂದ ಕೇಳಿಸಿತು.

ಗೇಣುದ್ದದ ಹೊಸ ಪೈಪು. ಅವರು ಹಾಕಲು ಬಂದರು, ಬೇಡ ಅಂದೆ. ನಾನೇ ಹಾಕಿದೆ. ನಾನೇ ಒದ್ದೆ. ಮೂರನೆಯ ಒದೆತಕ್ಕೆ ಹಿಡಿಯಿತು. ಆ ಸದ್ದು! ಎರಡೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಹಟ್ಟಿಗೆಲ್ಲ ನೀಲಗಿರಿ ಎಣ್ಣೆಯ ವಾಸನೆ. ಹಾಲಣ್ಣನಿಗೆ ಮೂಗು ಕಟ್ಟಿದ್ದು ಬಿಟ್ಟಿತಂತೆ. ಅತ್ತಿಗೆ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಅಳು, ನಗು ಎರಡೂ.

ದೊಡ್ಡ ರಸ್ತೆಗೆ ಇಳಿಸಲು ಆರ್‌ಟಿಓ ಕೆಲಸ ಇದೆ. ಅದು ಆಗುವಾಗ ಆಗಲಿ. ತೋಟದ ದಾರಿಯಲ್ಲಿ ಎಲೆ ಶೆಡ್ಡಿನವರೆಗೆ ಹೋಗಿ ಬಂದೆ. ಬ್ರೇಕು ಇನ್ನೂ ಅಷ್ಟಕ್ಕಷ್ಟೇ, ಕಾಲು ಕೊಟ್ಟು ನಿಲ್ಲಿಸಿದೆ.

ಫೆಬ್ರವರಿ ೧, ಭಾನುವಾರ, ಸಂಜೆ

ಈ ವಾರ ಇವರದ್ದೊಂದು ಹೊಸ ಕಾಟ. ಎಲ್ಲದಕ್ಕೂ ಕೇಳುವುದು. ಹಾಲಣ್ಣನಿಗೆ ಏಣಿ ಕೊಡಲೆ? ಕೊಡಿ. ತಗ್ಗಿನ ಟೀ ಗಿಡ ಕವಾತು ಮಾಡಲೆ? ಮಾಡಿ. ಉಪ್ಪಿನಕಾಯಿ ಹಾಕಿಕೊಳ್ಳಲೆ? "ಸಾಕು ಮಾಡೋ, ಎನಗ ತಲೆ ತಿರುಗುತ್ತದೆ" ಅಂದರು ಅತ್ತಿಗೆ. ನನಗೂ ರೇಗುತ್ತದೆ, ಆದರೆ ಬೇಡ ಅನ್ನಲು ಮನಸ್ಸಿಲ್ಲ.

ಕೂಟದಲ್ಲಿ ಒಬ್ಬರು ಆಡಿಯೂ ಆಡಿದರಂತೆ, ಹೆಂಡತಿಯನ್ನು ಕೇಳಿಕೊಂಡು ಬಂದು ತೀರ್ಪು ಹೇಳು ಅಂತ. "ಕೇಳಿಯೇ ಬಂದೆ" ಅಂದರಂತೆ ಇವರು. ಹಾಲಣ್ಣ ಬಂದು ಹೇಳಿದ್ದು.

ಈಗ, ಇದನ್ನು ಬರೆಯುತ್ತಿರುವಾಗ, ಬಾಗಿಲಲ್ಲಿ ಬಂದು ನಿಂತರು. ಸ್ವೆಟರ್ ಹಾಕಿ, ತಲೆ ಬಾಚಿ. ಕೀ ಗೋಡೆಯ ಮೊಳೆಯಲ್ಲೇ ಇದೆ, ಕೈಗೆಟಕುವಷ್ಟು ಹತ್ತಿರ. ಮುಟ್ಟಿಲ್ಲ.

"ಸಂಗೀತ, ಗಾಡಿಯ ಒಂದು ಸುತ್ತು ಓಡಿಸಿ ಬರಲೆ?"

ಬರೆಯುವುದು ಮುಗಿಯಲಿ, ಹೇಳುತ್ತೇನೆ ಅಂದೆ. ಸರಿ ಅಂದರು. ನಿಂತೇ ಇದ್ದಾರೆ. ಬರೆಯುವುದು ಆಗಲೇ ಮುಗಿದಿದೆ. ಸುಮ್ಮನೆ ಪೆನ್ನು ಓಡಿಸುತ್ತಿದ್ದೇನೆ. ಇವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಏನೋ ಬಹಳ ಮುಖ್ಯವಾದದ್ದು ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ. ಕಾಯಲಿ. ಇನ್ನೊಂದು ಸಾಲು. ಇನ್ನೊಂದೇ ಒಂದು —